ಸೇವ್ ಆಯಿತು, ಸರಿ. ಯಾರದು ಹೋಯಿತು?

ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ ನಿಮ್ಮ ಕೊನೆಯ ವರ್ಷದ ಪ್ರಾಜೆಕ್ಟುಗಳನ್ನು ನೋಡಿದೆ. ಒಂದೇ ದಾಖಲೆಯನ್ನು ಇಬ್ಬರು ಒಟ್ಟಿಗೆ ತಿದ್ದಿದರೆ ಏನಾಗುತ್ತದೆ ಅಂತ ಕೇಳಿದೆ. "ಕೊನೆಗೆ ಸೇವ್ ಮಾಡಿದವರದು ಉಳಿಯುತ್ತದೆ ಸರ್" ಅಂದಿರಿ. ಹಾಗಾದರೆ ಮೊದಲು ಸೇವ್ ಮಾಡಿದವರದು? ಇವತ್ತು ಬೇರೆ ವಿಷಯ ಮಾತಾಡಬೇಕಿತ್ತು. ಅದನ್ನು ಬಿಟ್ಟು ಇದನ್ನೇ ಹಿಡಿದಿದ್ದೇನೆ: ಮೊದಲು ಸೇವ್ ಮಾಡಿದವರದು ಸದ್ದಿಲ್ಲದೆ ಅಳಿಯದ ಹಾಗೆ ನೋಡಿಕೊಳ್ಳುವ ಆಪ್ಟಿಮಿಸ್ಟಿಕ್ ಲಾಕಿಂಗ್.

ತೊಗರಿ ಬರುವ ಕಾಲದಲ್ಲಿ ಕಲಬುರಗಿ ಗಂಜ್, ನಮ್ಮ ಧಾನ್ಯದ ಮಾರುಕಟ್ಟೆ, ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಅಲ್ಲಿನ ಒಂದು ಅಡತ್ ಅಂಗಡಿ, ಅಂದರೆ ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಕೊಡುವ ಅಂಗಡಿ. ಹೆಸರು ಬೇಡ. ಆಳಂದ ಕಡೆಯ ರೈತರೊಬ್ಬರು ಬಂದರು, ಬ್ಯಾಂಕ್ ಖಾತೆ ಬದಲಾಗಿತ್ತು. ಕೌಂಟರಿನ ಹುಡುಗ ಅವರ ದಾಖಲೆ ತೆರೆದು ಹೊಸ ಖಾತೆ ನಂಬರ್ ಹಾಕಿ ಸೇವ್ ಮಾಡಿದ. ಅದಕ್ಕೂ ಮುಂಚೆಯೇ ಕಾಟಾದ, ಅಂದರೆ ತೂಕದ ಯಂತ್ರದ ಹತ್ತಿರ ಕೂತವನು ಅದೇ ದಾಖಲೆ ತೆರೆದಿಟ್ಟುಕೊಂಡಿದ್ದ. ಚೀಲಗಳ ತೂಕ ಮುಗಿಯಲು ಹೊತ್ತಾಯಿತು. ಆಮೇಲೆ ಅವನು ಕ್ವಿಂಟಲ್ ಬರೆದು ಸೇವ್ ಒತ್ತಿದ. ಫಾರ್ಮು ಕಳಿಸಿದ್ದು ಬರೀ ತೂಕವನ್ನಲ್ಲ, ಇಡೀ ದಾಖಲೆಯನ್ನು. ಅವನ ಸ್ಕ್ರೀನಿನಲ್ಲಿದ್ದ ಹಳೆ ಖಾತೆ ನಂಬರೂ ಅದರ ಜೊತೆ ಹೋಗಿ ಕೂತಿತು.

ದುಡ್ಡು ಮುಚ್ಚಿದ ಖಾತೆಗೆ ಹೋಗಿ ವಾಪಸ್ ಬಂತು. ರೈತರು ಬಂದು ಕೇಳಿದರೆ ಕೌಂಟರಿನವನು "ನಾ ಬದಲು ಮಾಡೀನ್ರಿ" ಅಂತಾನೆ. ಕಾಟಾದವನು "ನಾ ಖಾತೆ ಮುಟ್ಟೇ ಇಲ್ರಿ" ಅಂತಾನೆ. ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ಲಾಗ್ ತೆಗೆದು ನೋಡಿದರೆ ಒಂದು ಎರರ್ ಇಲ್ಲ, ಎರಡೂ ಸೇವ್ ಯಶಸ್ವಿ. ನನಗೆ ಸಿಟ್ಟು ಬಂದದ್ದು ಅಲ್ಲೇ. ಎರರ್ ಬಂದಿದ್ದರೆ ಕಾಟಾದವನು ಅಲ್ಲೇ ನಿಂತು ಸರಿ ಮಾಡುತ್ತಿದ್ದ. ಎರರ್ ಬರಲಿ ಬಿಡಿ, ದತ್ತಾಂಶ ಸದ್ದಿಲ್ಲದೆ ಹೋಗಬಾರದು.

"ಟ್ರಾನ್ಸಾಕ್ಷನ್ ಹಾಕಿದರೆ ಸಾಕಲ್ವಾ?" ಅಂತ ಹಿಂದಿನ ಸಾಲಿನಿಂದ ಕೇಳುತ್ತಿದ್ದಾರೆ. ಒಳ್ಳೆ ಪ್ರಶ್ನೆ. ಟ್ರಾನ್ಸಾಕ್ಷನ್ ಅಂದರೆ ಡೇಟಾಬೇಸಿನ ಹಲವು ಕೆಲಸಗಳನ್ನು ಒಂದೇ ಗಂಟಾಗಿ ಕಟ್ಟಿ, ಆದರೆ ಎಲ್ಲ, ಇಲ್ಲದಿದ್ದರೆ ಏನೂ ಇಲ್ಲ ಅನ್ನುವ ಹಾಗೆ ಮಾಡುವುದು. ಸಾಲದು. ದಾಖಲೆ ಓದಿದ್ದು ಸರ್ವರಿಗೆ ಹೋದ ಒಂದು ರಿಕ್ವೆಸ್ಟು, ಬರೆದದ್ದು ಇನ್ನೊಂದು. ಅವುಗಳ ನಡುವೆ ಒಬ್ಬ ಮನುಷ್ಯ ಕೂತಿದ್ದಾನೆ, ಚೀಲ ತೂಗುತ್ತಿದ್ದಾನೆ. ಅಷ್ಟು ಹೊತ್ತು ಟ್ರಾನ್ಸಾಕ್ಷನ್ ತೆರೆದಿಡಲು ಆಗುವುದಿಲ್ಲ. ತೆರೆದ ಕೂಡಲೇ ದಾಖಲೆಗೆ ಬೀಗ ಹಾಕೋಣ ಅಂದರೆ, ಅವನು ಊಟಕ್ಕೆ ಹೋದ, ಕರೆಂಟ್ ಹೋಯಿತು, ನೆಟ್ ಹೋಯಿತು. ಬೀಗ ಹಾಗೇ ಉಳಿಯಿತು. ನಮ್ಮ ಊರುಗಳಲ್ಲಿ ಇದು ದಿನದ ಮಾತು.

ಆಪ್ಟಿಮಿಸ್ಟಿಕ್ ಲಾಕಿಂಗ್ ಬೀಗವನ್ನೇ ಹಾಕುವುದಿಲ್ಲ. 1981ರಲ್ಲಿ ಕುಂಗ್ ಮತ್ತು ರಾಬಿನ್ಸನ್ ಅನ್ನುವ ಕಂಪ್ಯೂಟರ್ ವಿಜ್ಞಾನಿಗಳು ಇದರ ಬಗ್ಗೆ ಬರೆದ ಪ್ರಬಂಧ ಇವತ್ತಿಗೂ ಓದಬೇಕಾದದ್ದು. ಓದು, ತಾಳೆ ನೋಡು, ಬರೆ. ಮೂರೇ ಹಂತ. ನೀವು ಮಾಡಬೇಕಾದದ್ದು ಟೇಬಲ್ಲಿಗೆ ವರ್ಷನ್ ಅಂತ ಒಂದು ಕಾಲಂ, ಸಾಲು ಬದಲಾದಾಗಲೆಲ್ಲ ಒಂದು ಏರುವ ನಂಬರ್. ಕಾಟಾದವನು ಓದಿದಾಗ ವರ್ಷನ್ 7. ಅಪ್ಡೇಟ್ ಮಾಡುವಾಗ ವೇರ್ ಷರತ್ತಿನಲ್ಲಿ, ಅಂದರೆ ಯಾವ ಸಾಲು ಬದಲಾಗಬೇಕು ಅಂತ ಹೇಳುವ ಕಡೆ, ಐಡಿ ಜೊತೆಗೆ "ವರ್ಷನ್ 7 ಆಗಿದ್ದರೆ ಮಾತ್ರ" ಅಂತ ಸೇರಿಸಿ. ಅದೇ ಅಪ್ಡೇಟಿನಲ್ಲಿ ವರ್ಷನ್ ಅನ್ನು 8 ಮಾಡಿ. ನಡುವೆ ಕೌಂಟರಿನವನು ಆಗಲೇ 8 ಮಾಡಿದ್ದರೆ, ಬದಲಾದ ಸಾಲುಗಳು ಸೊನ್ನೆ ಅಂತ ಡೇಟಾಬೇಸ್ ಹೇಳುತ್ತದೆ. ಆ ಸೊನ್ನೆಯನ್ನು ನೋಡದೆ ಮುಂದೆ ಹೋಗಬೇಡಿ. ಇಬ್ಬರೂ ಒಂದೇ ಕ್ಷಣಕ್ಕೆ ಒತ್ತಿದರೂ ಭಯವಿಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಎರಡನೆಯ ಅಪ್ಡೇಟ್ ಮೊದಲನೆಯದು ಮುಗಿಯುವವರೆಗೆ ಕಾಯುತ್ತದೆ, ಷರತ್ತನ್ನು ಮತ್ತೆ ನೋಡುತ್ತದೆ, ಆಗಲೂ ಸೊನ್ನೆಯೇ.

ಇಲ್ಲಿ ಒಂದು ತಪ್ಪನ್ನು ಬಹಳ ಕಡೆ ನೋಡಿದ್ದೇನೆ, ಬೆಳಿಗ್ಗೆಯೂ ನೋಡಿದೆ. ಜಾವಾದಲ್ಲಿ ವರ್ಷನ್ ಅನೊಟೇಷನ್, ಅಂದರೆ ವರ್ಷನ್ ತಾಳೆ ನೋಡು ಅಂತ ಹೇಳುವ ಗುರುತು, ಹಾಕಿರುತ್ತೀರಿ. ಆದರೆ ಸೇವ್ ಬಂದಾಗ ಸರ್ವರ್ ದಾಖಲೆಯನ್ನು ಹೊಸದಾಗಿ ಓದುತ್ತದೆ, ಫಾರ್ಮಿನ ವಿವರಗಳನ್ನು ಅದರ ಮೇಲೆ ಸುರಿಯುತ್ತದೆ. ಆಗ ವರ್ಷನ್ ಹೆಚ್ಚುಕಡಿಮೆ ಯಾವಾಗಲೂ ತಾಳೆ ಆಗುತ್ತದೆ, ರೈತರ ಖಾತೆ ಮತ್ತೆ ಅಳಿಯುತ್ತದೆ. ತಾಳೆ ನೋಡಬೇಕಾದದ್ದು ಆ ಮನುಷ್ಯನ ಕಣ್ಣಿಗೆ ಬಿದ್ದ ವರ್ಷನ್ ಅನ್ನು. ಅದು ಸ್ಕ್ರೀನಿಗೆ ಹೋಗಬೇಕು, ಸೇವ್ ಜೊತೆ ವಾಪಸ್ ಬರಬೇಕು. ನಂಬರ್ ಬದಲು ಸಮಯ ಇಡುತ್ತೇವೆ ಅನ್ನುವವರೂ ಇದ್ದೀರಿ. ಮೈಎಸ್‌ಕ್ಯೂಎಲ್ ಡೇಟಾಬೇಸಿನ ಡೇಟ್‌ಟೈಮ್ ಕಾಲಂ ಸುಮ್ನೆ ಬಿಟ್ಟರೆ ಸೆಕೆಂಡಿನವರೆಗೆ ಮಾತ್ರ ಹಿಡಿಯುತ್ತದೆ. ಒಂದೇ ಸೆಕೆಂಡಿನಲ್ಲಿ ಎರಡು ಬದಲಾವಣೆ ಆದರೆ ಗೊತ್ತೇ ಆಗುವುದಿಲ್ಲ. ನಂಬರೇ ಇಡಿ.

ಚೀಟಿ ಬಂತು, ಹತ್ತು ನಿಮಿಷವಂತೆ. ಬೇಗ ಹೇಳುತ್ತೇನೆ. ತಾಳೆ ಆಗದಿದ್ದಾಗ ಹೊಸ ವರ್ಷನ್ ತಂದು ಹಳೆ ಫಾರ್ಮನ್ನೇ ಮತ್ತೆ ತಳ್ಳಬೇಡಿ. ಅದು ಇಷ್ಟೆಲ್ಲ ಮಾಡಿ ಬಾಗಿಲು ತೆರೆದಿಟ್ಟ ಹಾಗೆ. ದಾಸ್ತಾನಿಗೆ ಐದು ಚೀಲ ಕೂಡಿಸುವಂಥ ಲೆಕ್ಕವಾದರೆ ಹೊಸದಾಗಿ ಓದಿ, ಮತ್ತೆ ಕೂಡಿಸಿ, ಬರೆಯಬಹುದು. ಮನುಷ್ಯ ತುಂಬಿದ ವಿವರವಾದರೆ ಎರಡನ್ನೂ ಅವನಿಗೇ ತೋರಿಸಿ, ಕನ್ನಡದಲ್ಲಿ ಹೇಳಿ: "ನೀವು ತೆರೆದ ಮೇಲೆ ಖಾತೆ ನಂಬರ್ ಬದಲಾಗಿದೆ." ಅವನು ಟೈಪ್ ಮಾಡಿದ ತೂಕ ಅಳಿಸಬೇಡಿ. ಎರರ್ ಬರಲಿ ಅಂದೆ, ಆದರೆ ಅವನ ಕೆಲಸ ಹಾಳಾಗುವ ಹಾಗಲ್ಲ.

ವೆಬ್ ಎಪಿಐ, ಅಂದರೆ ಪ್ರೋಗ್ರಾಮುಗಳು ವೆಬ್ ಮೂಲಕ ಮಾತಾಡುವ ದಾರಿ, ಬರೆಯುವವರಿಗೆ ಇದೇ ವ್ಯವಸ್ಥೆ ವೆಬ್ಬಿನ ನಿಯಮವಾದ ಎಚ್‌ಟಿಟಿಪಿಯಲ್ಲೇ ಇದೆ. ದಾಖಲೆಯ ಜೊತೆ ಅದರ ವರ್ಷನ್ ಗುರುತನ್ನು ಇಟ್ಯಾಗ್ ಅಂತ ಕಳಿಸಿ, ಸೇವ್ ಜೊತೆ ಅದನ್ನೇ ಇಫ್-ಮ್ಯಾಚ್ ಹೆಡರಿನಲ್ಲಿ ವಾಪಸ್ ಕೇಳಿ, ತಾಳೆ ಆಗದಿದ್ದರೆ 412 ಅನ್ನುವ ಎರರ್ ಕೋಡ್ ಕೊಡಿ. ಒಂದೇ ಸೀಟಿಗೆ ನೂರಾರು ಜನ ಮುಗಿಬೀಳುವ ಕಡೆ ಮಾತ್ರ ಬೇರೆ ದಾರಿ ಯೋಚಿಸಿ. ಅಲ್ಲಿ ಜಾಸ್ತಿ ಜನ ಸೋತು ಸೋತು ಮತ್ತೆ ಪ್ರಯತ್ನಿಸುತ್ತಾರೆ, ಸ್ವಲ್ಪ ಹೊತ್ತಿನ ಬೀಗವೇ ವಾಸಿ. ಕೌಚ್‌ಡಿಬಿ ಅನ್ನುವ ಡೇಟಾಬೇಸ್ ಬಗ್ಗೆ ಹೇಳಬೇಕಿತ್ತು, ಹೊತ್ತಿಲ್ಲ. ಆ ಟ್ರಾನ್ಸಾಕ್ಷನ್ ಪ್ರಶ್ನೆ ಕೇಳಿದವರಿಗೆ ಮೊದಲು ಮೈಕ್ ಕೊಡಿ, ಅವರು ಆಗಿನಿಂದ ಕೈ ಎತ್ತಿದ್ದಾರೆ.