ಹದ್ದು ಸುತ್ತುವ ಕಡೆ

ಕೇಳುಗರಿಗೆ ನಮಸ್ಕಾರ.

ಕಾಡಿನ ಮೇಲೆ ರಣಹದ್ದುಗಳು ಸುತ್ತು ಹಾಕುತ್ತಿದ್ದರೆ ಕೆಳಗೆ ಯಾವುದೋ ಪ್ರಾಣಿಯ ಹೆಣ ಬಿದ್ದಿರಬಹುದು ಎಂದರ್ಥ. ಆ ಸುಳಿವು ಹಿಡಿದು ಅರಣ್ಯ ಕಾವಲುಗಾರರು ಸ್ಥಳಕ್ಕೆ ಧಾವಿಸುತ್ತಾರೆ. ಕಳ್ಳಬೇಟೆಗಾರರಿಗೂ ಇದು ಗೊತ್ತು. ಆದ್ದರಿಂದಲೇ ಕೆಲವರು ಆನೆಯ ದಂತ ಕಿತ್ತುಕೊಂಡ ಮೇಲೆ ಅದರ ಹೆಣಕ್ಕೆ ವಿಷ ಬೆರೆಸಿ ಹೋಗುತ್ತಾರೆ. 2019ರ ಜೂನ್ ತಿಂಗಳಲ್ಲಿ ಆಫ್ರಿಕಾದ ಬೋಟ್ಸ್‌ವಾನಾ ದೇಶದಲ್ಲಿ ಹೀಗೆ ವಿಷವಿಟ್ಟ ಮೂರು ಆನೆಗಳ ಹೆಣಗಳ ಬಳಿ 537 ರಣಹದ್ದುಗಳು ಸತ್ತವು. ಸುಳಿವು ಕೊಡುತ್ತವೆ ಎಂಬುದೇ ಅವು ಮಾಡಿದ ಅಪರಾಧ.

ಈ ನಷ್ಟ ಬೇಗ ತುಂಬುವಂಥದ್ದಲ್ಲ. ದೊಡ್ಡ ರಣಹದ್ದುಗಳು ವರ್ಷಕ್ಕೆ ಇಡುವುದು ಸಾಮಾನ್ಯವಾಗಿ ಒಂದೇ ಮೊಟ್ಟೆ. ಮರಿ ಬೆಳೆದು ತಾನೇ ಗೂಡು ಕಟ್ಟಲು ನಾಲ್ಕೈದು ವರ್ಷ ಬೇಕು. ಗೂಡಿನಲ್ಲಿ ಮರಿಯಿದ್ದಾಗ ತಾಯಿಯೋ ತಂದೆಯೋ ಸತ್ತರೆ ಆ ಮರಿಯೂ ಉಳಿಯುವುದು ಕಷ್ಟ.

ಎಲ್ಲ ಕೊಲೆಗಳೂ ದಂತಕ್ಕಾಗಿ ನಡೆಯುವುದಿಲ್ಲ. ಕುರಿಮರಿಯನ್ನೋ ಪಾರಿವಾಳವನ್ನೋ ಹೊತ್ತೊಯ್ಯುತ್ತದೆಂಬ ಸಿಟ್ಟಿಗೆ ಗಿಡುಗವನ್ನು ಗುಂಡಿಟ್ಟು ಹೊಡೆಯುವವರಿದ್ದಾರೆ. ನರಿಗೆಂದು ಮಾಂಸದ ತುಂಡಿನಲ್ಲಿ ಕಾರ್ಬೊಫ್ಯುರಾನ್‌ನಂಥ ಕೀಟನಾಶಕ ಇಡುತ್ತಾರೆ. ಅದನ್ನು ಹದ್ದು ತಿನ್ನುತ್ತದೆ. ಬಹಳಷ್ಟು ದೇಶಗಳಲ್ಲಿ ಇದು ಶಿಕ್ಷಾರ್ಹ. ಆದರೆ ವಿಷಕ್ಕೆ ಸದ್ದಿಲ್ಲ, ನೋಡಿದವರೂ ಇರುವುದಿಲ್ಲ. ಹಾಗಾಗಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಸತ್ತ ಹದ್ದು, ಅದರ ಹತ್ತಿರ ಮಾಂಸದ ತುಂಡು ಅಥವಾ ಬೇರೆ ಪ್ರಾಣಿಯ ಹೆಣ ಕಂಡರೆ ದಯವಿಟ್ಟು ಮುಟ್ಟಬೇಡಿ. ಕೆಲವು ವಿಷಗಳು ಚರ್ಮದ ಮೂಲಕವೂ ಮೈಗೆ ಸೇರುತ್ತವೆ. ಮಕ್ಕಳನ್ನೂ ನಾಯಿಯನ್ನೂ ದೂರವಿಡಿ. ಫೋಟೋ ತೆಗೆದು, ಜಾಗವನ್ನು ಗುರುತಿಟ್ಟುಕೊಂಡು, ಅರಣ್ಯ ಇಲಾಖೆಗೋ ಪೊಲೀಸರಿಗೋ ಕೂಡಲೇ ತಿಳಿಸಿ. ಹೂತುಬಿಟ್ಟರೆ ಸಾಕ್ಷ್ಯವೂ ಮಣ್ಣುಪಾಲಾಗುತ್ತದೆ.

ಇಷ್ಟಾದರೂ ಇದೆಲ್ಲ ಹಕ್ಕಿ ಸತ್ತ ಮೇಲಿನ ಮಾತು. ಸಾಯುವ ಮೊದಲೇ ಅಲ್ಲಿ ಹೋಗಿ ನಿಂತವರ ಕಥೆ ನನಗೆ ಹೆಚ್ಚು ಪ್ರಿಯ. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಬೆಟ್ಟದ ಸಾಲಿನ ಮೇಲೆ ಪ್ರತಿ ಶರತ್ಕಾಲದಲ್ಲಿ ಸಾವಿರಾರು ಗಿಡುಗಗಳು ವಲಸೆ ಹೋಗುತ್ತವೆ. ಬಂದೂಕು ಹಿಡಿದವರು ಅಲ್ಲಿ ಸೇರಿ ಅವುಗಳನ್ನು ಮೋಜಿಗೆಂದು ಉರುಳಿಸುತ್ತಿದ್ದರು. ಸತ್ತ ಹಕ್ಕಿಗಳನ್ನು ಸಾಲಾಗಿ ಜೋಡಿಸಿದ್ದ ಚಿತ್ರಗಳು ರೋಸಲಿ ಎಡ್ಜ್ ಎಂಬ ಮಹಿಳೆಯ ನೆಮ್ಮದಿ ಕೆಡಿಸಿದವು. 1934ರಲ್ಲಿ ಅವರು ಆ ಬೆಟ್ಟದ ಸುಮಾರು 1,400 ಎಕರೆಯನ್ನು ಗುತ್ತಿಗೆಗೆ ಪಡೆದು, ಮಾರಿಸ್ ಬ್ರೌನ್ ಎಂಬವರನ್ನು ಕಾವಲಿಗೆ ನೇಮಿಸಿದರು. ಗುಂಡಿನ ಸದ್ದು ನಿಂತಿತು. ಬ್ರೌನ್ ಹಾರುವ ಹಕ್ಕಿಗಳನ್ನು ಎಣಿಸತೊಡಗಿದರು. ಮುಂದೆ ಡಿಡಿಟಿ ಎಂಬ ಕೀಟನಾಶಕ ಹಕ್ಕಿಗಳ ಮೇಲೆ ಮಾಡಿದ ಪರಿಣಾಮವನ್ನು ಅರಿಯಲು ಆ ಎಣಿಕೆಯೂ ನೆರವಾಯಿತು.

ನಾಗಾಲ್ಯಾಂಡ್‌ನ ದೋಯಾಂಗ್ ಜಲಾಶಯದಲ್ಲಿ ನಡೆದದ್ದು ಇನ್ನೂ ದೊಡ್ಡದು ಎಂಬುದು ನನ್ನ ಎಣಿಕೆ. ಅಲ್ಲಿ ಹೊರಗಿನಿಂದ ಕಾವಲುಗಾರ ಬರಲಿಲ್ಲ, ಬೇಟೆಯಾಡುತ್ತಿದ್ದವರೇ ಕಾವಲು ನಿಂತರು. 2012ರಲ್ಲಿ ಒಂದೇ ಋತುವಿನಲ್ಲಿ ಲಕ್ಷಕ್ಕೂ ಹೆಚ್ಚು ಅಮೂರ್ ಚಾಣಗಳು, ಅಂದರೆ ವಲಸೆ ಹೋಗುವ ಪುಟ್ಟ ಬೇಟೆಹಕ್ಕಿಗಳು, ಬಲೆಗೆ ಬಿದ್ದು ಸತ್ತವೆಂಬ ಅಂದಾಜು ಹೊರಬಂತು. ಆ ಮಾಂಸ ಅಲ್ಲಿನವರಿಗೆ ಊಟವೂ ಆಗಿತ್ತು, ಕೈಗೆ ನಾಲ್ಕು ಕಾಸೂ ಆಗಿತ್ತು, ಬಿಡುವುದು ಸುಲಭವಿರಲಿಲ್ಲ. ಆದರೂ ಪಾಂಗ್ಟಿ ಮತ್ತು ಸುತ್ತಲಿನ ಗ್ರಾಮಗಳ ಹಿರಿಯರು ಕೂತು ಮಾತಾಡಿ ಬೇಟೆಯನ್ನು ನಿಷೇಧಿಸಿದರು. ಮರುವರ್ಷ ಬಲೆಗಳು ಏಳಲಿಲ್ಲ. ಆ ನವೆಂಬರ್‌ನಲ್ಲಿ ವಿಜ್ಞಾನಿಗಳು ಮೂರು ಚಾಣಗಳ ಬೆನ್ನಿಗೆ ಅವುಗಳ ಹಾದಿ ತಿಳಿಸುವ ಪುಟ್ಟ ಟ್ರಾನ್ಸ್‌ಮಿಟರ್ ಕಟ್ಟಿ ಹಾರಿಬಿಟ್ಟರು. ಅವುಗಳಿಗೆ ನಾಗಾ, ವೋಖಾ, ಪಾಂಗ್ಟಿ ಎಂದು ಹೆಸರಿಟ್ಟಿದ್ದರು. ಇನ್ನೂರು ಗ್ರಾಂ ಕೂಡ ತೂಗದ ಪಾಂಗ್ಟಿ ಎಂಬ ಆ ಹಕ್ಕಿ, ಬಲೆ ಕಟ್ಟುವುದನ್ನು ಬಿಟ್ಟ ಊರಿನ ಹೆಸರು ಹೊತ್ತು, ಅರಬ್ಬೀ ಸಮುದ್ರ ದಾಟಿ ಆಫ್ರಿಕಾದ ಕಡೆಗೆ ಹಾರಿತು.

ನಮಸ್ಕಾರ.