ಮೀನು ತರುವುದು ಕೊನೆಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಶೃಂಗೇರಿಗೆ ಹೋದವರು ತುಂಗೆಯ ಮೆಟ್ಟಿಲ ಮೇಲೆ ನಿಂತು ಮೀನಿಗೆ ಮಂಡಕ್ಕಿ ಹಾಕದೆ ಬರುವುದಿಲ್ಲ, ಅಲ್ವಾ? ಒಂದು ಹಿಡಿ ಎಸೆದರೆ ಸಾಕು, ಮೊಳದುದ್ದದ ಮೀನುಗಳು ಒಂದರ ಮೇಲೊಂದು ಬಿದ್ದು ಬಾಯಿ ತೆರೆಯುತ್ತವೆ. ನನ್ನ ಮಗಳಿಗೆ ಆಗ ಆರು ವರ್ಷ. ಅಲ್ಲಿಂದ ಅವಳನ್ನು ಎಬ್ಬಿಸಿಕೊಂಡು ಬರುವಷ್ಟರಲ್ಲಿ ಸಾಕಾಗಿ ಹೋಯಿತು. ಬಸ್ಸು ಶಿವಮೊಗ್ಗ ಮುಟ್ಟುವವರೆಗೂ ಒಂದೇ ರಾಗ: "ಅಮ್ಮಾ, ನಮ್ಮನೆಗೂ ಮೀನು ತರೋಣ."

ಅದೇ ವಾರ ತಂದೆವು. ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡದಾದ ಒಂದು ದುಂಡನೆಯ ಗಾಜಿನ ಬೌಲ್, ಎರಡು ಗೋಲ್ಡ್ ಫಿಶ್, ಒಂದು ಡಬ್ಬಿ ಫುಡ್ಡು. ಅಂಗಡಿಯವರು ಹೇಳಿದ್ದು ಇಷ್ಟೇ: "ವಾರಕ್ಕೊಂದು ಸಲ ನೀರು ಬದಲಾಯಿಸಿ ಮೇಡಂ, ಸಾಕು." ಒಂಬತ್ತನೇ ದಿನ ಬೆಳಿಗ್ಗೆ ಎರಡೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಮಗಳು ತಿಂಡಿ ಮುಟ್ಟಲಿಲ್ಲ. ದಾಸವಾಳದ ಬುಡದಲ್ಲಿ ಮಣ್ಣು ಮಾಡಿದೆವು. ಮೇಲೆ ಒಂದು ಹೂವನ್ನೂ ಇಟ್ಟಳು.

ತಪ್ಪು ಎಲ್ಲಾಯಿತು ಅಂತ ತಿಳಿಯಲು ನನಗೆ ಸುಮಾರು ದಿನ ಬೇಕಾಯಿತು. ಗೋಲ್ಡ್ ಫಿಶ್ ಅಂದರೆ ಗೆಂಡೆ ಮೀನಿನ ಬಂಧು. ಚೆನ್ನಾಗಿ ಸಾಕಿದರೆ ಗೇಣುದ್ದ ಬೆಳೆಯುತ್ತದೆ, ಹತ್ತು ವರ್ಷಕ್ಕೂ ಜಾಸ್ತಿ ಬದುಕುತ್ತದೆ. ತಿನ್ನುವುದೂ ಜಾಸ್ತಿ, ಹೇಲುವುದೂ ಜಾಸ್ತಿ. ಬಾನುಲಿಯಲ್ಲಿ ಈ ಮಾತು ಆಡಿದ್ದಕ್ಕೆ ಕ್ಷಮಿಸಿ, ಆದರೆ ಮೀನು ಸಾಕುವವರ ಕಷ್ಟವೆಲ್ಲ ಶುರುವಾಗುವುದೇ ಅಲ್ಲಿ. ಆ ಹೊಲಸಿನಿಂದ, ಉಳಿದ ಫುಡ್ಡಿನಿಂದ, ಮೀನಿನ ಕಿವಿರಿನಿಂದ ನೀರಿಗೆ ಅಮೋನಿಯಾ ಸೇರುತ್ತದೆ. ನೀರು ನೋಡಲು ಕನ್ನಡಿಯಂತೆ ಇರುತ್ತದೆ. ಒಳಗಿರುವ ಮೀನಿಗೆ ಮಾತ್ರ ವಿಷ.

ಹೊಳೆಯಲ್ಲಿ, ಕೆರೆಯಲ್ಲಿ ಈ ಅಮೋನಿಯಾವನ್ನು ಬ್ಯಾಕ್ಟೀರಿಯಾಗಳು ತಿಂದು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುತ್ತದೆ. ಅದು ಅಷ್ಟೊಂದು ಅಪಾಯವಲ್ಲ, ಗಿಡಗಳಿಗೆ ಗೊಬ್ಬರವಾಗುತ್ತದೆ. ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾಗಳು ಇರುವುದಿಲ್ಲ. ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಹಾಲಿಗೆ ಹೆಪ್ಪು ಹಾಕಿದ ಹಾಗೆ ಅಂದುಕೊಳ್ಳಿ. ಪಕ್ಕದ ಮನೆಯಿಂದ ಒಂದು ಚಮಚ ಮೊಸರು ಕೇಳಿ ತರುತ್ತೇವಲ್ಲ, ಹಾಗೇ ಮೀನು ಸಾಕಿರುವ ಗೆಳೆಯರಿದ್ದರೆ ಅವರ ಟ್ಯಾಂಕಿನ ಹಳೇ ಫಿಲ್ಟರ್ ಸ್ಪಾಂಜಿನ ಒಂದು ತುಂಡು ಕೇಳಿ ತನ್ನಿ. ಒಣಗಲು ಬಿಡದೆ ನಿಮ್ಮ ಫಿಲ್ಟರಿಗೆ ಸೇರಿಸಿ. ಕೆಲಸ ಬೇಗ ಆಗುತ್ತದೆ. ಸಿಗದಿದ್ದರೆ, ಮೀನಿಲ್ಲದ ಟ್ಯಾಂಕಿನ ನೀರಿಗೆ ದಿನಾ ಚಿಟಿಕೆ ಫುಡ್ಡು ಹಾಕಿ ಕೊಳೆಯಲು ಬಿಡಿ. ನೀರಿಗೆ ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್ ಸಿಗುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಏರಿ, ಮತ್ತೆ ಸೊನ್ನೆಗೆ ಇಳಿದ ಮೇಲೆ ಮೀನಿನ ಅಂಗಡಿಗೆ ಹೋಗಿ. ಅಷ್ಟು ದಿನ ಮಕ್ಕಳನ್ನು ಸುಮ್ಮನಿರಿಸುವುದು ಹೇಗೆ ಅಂತ ಮಾತ್ರ ನನ್ನನ್ನು ಕೇಳಬೇಡಿ.

ಟ್ಯಾಂಕು ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ ಇರಲಿ. ಸುಮಾರು 55 ಲೀಟರ್ ನೀರು ಹಿಡಿಯುತ್ತದೆ. ಅಂದರೆ ನೀರಿನದ್ದೇ 55 ಕೆ.ಜಿ. ಭಾರ. ಅಲುಗಾಡುವ ಟೀಪಾಯಿ ಮೇಲೆ ಇಡಬೇಡಿ. ಚಿಕ್ಕ ಟ್ಯಾಂಕು ಸುಲಭ ಅನ್ನುವುದು ಸುಳ್ಳು. ನೀರು ಕಡಿಮೆ ಇದ್ದಷ್ಟೂ ಬೇಗ ಕೆಡುತ್ತದೆ. ಏರ್ ಪಂಪಿಗೆ ಜೋಡಿಸುವ ಸ್ಪಾಂಜ್ ಫಿಲ್ಟರ್ ಒಂದಿದ್ದರೆ ಸಾಕು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಒಂದು ದಿನ ಬಕೆಟ್ಟಿನಲ್ಲಿ ಹಿಡಿದಿಡಿ, ಇಲ್ಲವೇ ಆಂಟಿ ಕ್ಲೋರಿನ್ ಹನಿ ಹಾಕಿ.

ಇನ್ನು ಮೀನು. ನನ್ನನ್ನು ಕೇಳಿದರೆ ಮೊದಲ ಮೀನು ಗಪ್ಪಿ. ನಮ್ಮ ಆರೋಗ್ಯ ಇಲಾಖೆಯವರು ಸೊಳ್ಳೆ ಮರಿ ತಿನ್ನಲಿ ಅಂತ ಬಾವಿಗೆ, ತೊಟ್ಟಿಗೆ ಬಿಡುತ್ತಿದ್ದ ಮೀನು ಇದೇ. ಊರು ದೂರದ ದಕ್ಷಿಣ ಅಮೆರಿಕ, ಆದರೆ ನಮ್ಮ ನೀರಿಗೆ ಚೆನ್ನಾಗಿ ಹೊಂದಿಕೊಂಡಿದೆ. ಬೋರ್‌ವೆಲ್ಲಿನ ಗಡಸು ನೀರಾದರೂ ತಕರಾರಿಲ್ಲ. ಗಂಡು ಒಂದು ಇಂಚಿನ ಮೇಲೆ ಸ್ವಲ್ಪ. ಬಾಲದಲ್ಲೇ ಎಲ್ಲ ಬಣ್ಣ. ಹೆಣ್ಣು ದೊಡ್ಡದು, ಬಣ್ಣ ಕಡಿಮೆ. ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹಾಕುತ್ತದೆ.

ಇಲ್ಲಿ ನಾನು ಎರಡನೇ ಸಲ ಪೆಟ್ಟು ತಿಂದೆ. ಮರಿ ಜಾಸ್ತಿಯಾದರೆ ಕಷ್ಟ ಅಂತ ಬುದ್ಧಿವಂತಿಕೆ ಮಾಡಿ ಬರೀ ಹೆಣ್ಣು ತಂದೆ. ಮೂರು ವಾರಕ್ಕೆ ಒಂದರ ಹೊಟ್ಟೆ ಚೌಕಾಕಾರ ಆಯಿತು. ಒಂದು ರಾತ್ರಿ ಟಾರ್ಚ್ ಹಿಡಿದು ಕೂತು ನೋಡಿದೆವು. ಮುದುರಿಕೊಂಡ ಒಂದು ಚುಕ್ಕೆ ಹೊರಗೆ ಬೀಳುತ್ತದೆ, ಒಂದಷ್ಟು ಕೆಳಗೆ ಮುಳುಗುತ್ತದೆ, ಅಷ್ಟರಲ್ಲಿ ಬಿಚ್ಚಿಕೊಂಡು ಚಂಗನೆ ಗಿಡದ ಸಂದಿಗೆ ಓಡುತ್ತದೆ. ಜೀರಿಗೆ ಕಾಳಿಗೆ ಎರಡು ಕಣ್ಣು ಇಟ್ಟ ಹಾಗೆ. ಮಗಳು ಇಪ್ಪತ್ತಮೂರರವರೆಗೆ ಎಣಿಸಿ ನಿದ್ದೆ ಹೋದಳು. ಬೆಳಿಗ್ಗೆ ಉಳಿದದ್ದು ಒಂಬತ್ತು. ಮಿಕ್ಕವನ್ನು ಹೆತ್ತಮ್ಮನೇ ನುಂಗಿದ್ದಳು. ಒಂದು ಸಲ ಗಂಡಿನ ಜೊತೆ ಸೇರಿದ ಹೆಣ್ಣು ಗಪ್ಪಿ ತಿಂಗಳುಗಟ್ಟಲೆ ವೀರ್ಯವನ್ನು ಒಳಗೇ ಕಾಪಿಟ್ಟುಕೊಂಡು ಮತ್ತೆ ಮತ್ತೆ ಮರಿ ಹಾಕುತ್ತದೆ. ಅಂಗಡಿಯಲ್ಲಿ ಗಂಡು ಹೆಣ್ಣು ಒಟ್ಟಿಗೇ ಇರುತ್ತವಲ್ಲ! ಅದಕ್ಕೇ ಹೇಳುತ್ತಿದ್ದೇನೆ, ಶುರುವಿಗೆ ಆರು ಗಂಡು ಗಪ್ಪಿ ಮಾತ್ರ ತನ್ನಿ. ಬಣ್ಣವೂ ಸಿಕ್ಕಿತು, ಸಂಸಾರದ ಗೋಜೂ ಇಲ್ಲ. ಪ್ಲಾಟಿಯೂ ಇದೇ ಸ್ವಭಾವದ್ದು, ಅದೂ ಆಗಬಹುದು.

ಬಾಲದ ಬೆಡಗು ಬೇಡ, ಓಡಾಟ ಬೇಕು ಅನ್ನುವವರಿಗೆ ಜೀಬ್ರಾ ಡ್ಯಾನಿಯೋ. ಇದು ನಮ್ಮ ಉಪಖಂಡದ್ದೇ ಮೀನು. ಮೈತುಂಬ ತಲೆಯಿಂದ ಬಾಲದವರೆಗೆ ನೀಲಿ ಪಟ್ಟೆ. ಟಿಪ್ಪು ಮಡಿದ ಮೇಲೆ 1800ರಲ್ಲಿ ಮೈಸೂರು ಸೀಮೆಯನ್ನೆಲ್ಲ ಸುತ್ತಿ, ಯಾವ ಊರಲ್ಲಿ ಏನು ಬೆಳೆಯುತ್ತಾರೆ ಅಂತ ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ ಗೊತ್ತಲ್ಲ? ಮುಂದೆ ಹ್ಯಾಮಿಲ್ಟನ್ ಅಂತ ಹೆಸರು ಬದಲಿಸಿಕೊಂಡ ಅವನೇ 1822ರಲ್ಲಿ ಗಂಗಾನದಿಯ ಮೀನುಗಳ ಪುಸ್ತಕದಲ್ಲಿ ಈ ಮೀನನ್ನು ಮೊದಲು ವರ್ಣಿಸಿದವನು. ಈಗ ಪ್ರಪಂಚದ ಪ್ರಯೋಗಾಲಯಗಳಲ್ಲೆಲ್ಲ ಇದೇ ಮೀನು. ಇದರ ಭ್ರೂಣ ಗಾಜಿನಂತೆ ಪಾರದರ್ಶಕ. ಒಂದು ದಿನ ಕಳೆದರೆ ಹೃದಯ ಬಡಿಯುವುದು ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. ಚಳಿಗೂ ಅಷ್ಟಾಗಿ ಹೆದರುವುದಿಲ್ಲ. ಡಿಸೆಂಬರಿನ ಬೆಂಗಳೂರಿನಲ್ಲಿ ಗಪ್ಪಿಗೆ ಹೀಟರ್ ಬೇಕೆನಿಸಿದರೂ ಇದು ಓಡಾಡಿಕೊಂಡೇ ಇರುತ್ತದೆ. ಆದರೆ ಒಂದೋ ಎರಡೋ ತರಬೇಡಿ. ಗುಂಪಿನ ಮೀನು ಇದು. ಆರೆಂಟು ಇದ್ದರೆ ತಮ್ಮತಮ್ಮಲ್ಲೇ ಅಟ್ಟಾಡಿಕೊಂಡಿರುತ್ತವೆ. ಕಡಿಮೆಯಾದರೆ ಗಪ್ಪಿಯ ಬಾಲ ಕಚ್ಚಲು ಹೋಗುತ್ತವೆ. ಟ್ಯಾಂಕಿಗೆ ಮುಚ್ಚಳವೂ ಬೇಕು, ಹಾರುವ ಜಾತಿ.

ತಳಕ್ಕೆ ಕೋರಿಡೋರಾಸ್. ಪುಟ್ಟ ಮೀಸೆಯ ಮೀನು, ಮರಳು ಕೆದಕುತ್ತಾ ಇರುತ್ತದೆ. ಕಲ್ಲು ಚೂಪಾಗಿದ್ದರೆ ಮೀಸೆ ಸವೆಯುತ್ತದೆ, ಹಾಗಾಗಿ ನುಣ್ಣನೆ ಮರಳು ಹಾಕಿ. ಆಗಾಗ ಬಾಣದಂತೆ ಮೇಲೆ ಹೋಗಿ ಗಾಳಿ ನುಂಗಿ ಬರುತ್ತದೆ. ಗಾಬರಿ ಬೇಡ. ಕರುಳಿನಿಂದಲೂ ಉಸಿರಾಡುವ ಮೀನು ಅದು. ಇದನ್ನೂ ಆರು ತನ್ನಿ, ಆದರೆ ಮೊದಲು ತಂದವು ನೆಲೆನಿಂತು ಒಂದು ತಿಂಗಳಾದ ಮೇಲೆ. ಅಲ್ಲಿಗೆ ಎರಡಡಿ ಟ್ಯಾಂಕು ಭರ್ತಿ.

ಅಂಗಡಿಯಲ್ಲಿ ನಿಂತಾಗ ಕೇಳಬೇಕಾದ ಪ್ರಶ್ನೆ ಒಂದೇ: ಇದು ಬೆಳೆದು ಎಷ್ಟು ದೊಡ್ಡದಾಗುತ್ತದೆ? ಅಲ್ಲಿ ಕಾಣುವುದೆಲ್ಲ ಮರಿಗಳೇ. ಗಾಜಿನ ಪಾಚಿ ತಿನ್ನುತ್ತದೆ ಅಂತ ಕೊಡುವ ಸಕ್ಕರ್ ಮೀನು ಬೆರಳಿನಷ್ಟು ಇರುತ್ತದೆ, ಬೆಳೆದರೆ ಒಂದಡಿ ದಾಟುತ್ತದೆ. ಆಮೇಲೆ ಜನ ಅದನ್ನು ಕೆರೆಗೆ ಬಿಟ್ಟು ಕೈ ತೊಳೆದುಕೊಳ್ಳುತ್ತಾರೆ. ಹೀಗೇ ಸೇರಿಕೊಂಡು ನಮ್ಮ ದೇಶದ ಎಷ್ಟೋ ಕೆರೆ, ನದಿಗಳಲ್ಲಿ ಮೀನುಗಾರರ ಬಲೆ ಹರಿಯುತ್ತಿದೆ ಆ ಮುಳ್ಳುಮೈಯ ಮೀನು. ಗಪ್ಪಿಯಾದರೂ ಅಷ್ಟೇ, ಜಾಸ್ತಿಯಾದವನ್ನು ಹಳ್ಳಕ್ಕೆ ಸುರಿಯಬೇಡಿ, ಬೇಕೆಂದವರಿಗೆ ಕೊಡಿ. ಏಂಜೆಲ್ ಹೆಸರಿಗೆ ಮಾತ್ರ ದೇವತೆ, ಬೆಳೆದ ಮೇಲೆ ಬಾಯಿಗೆ ಹಿಡಿಸುವ ಮೀನನ್ನೆಲ್ಲ ನುಂಗುತ್ತದೆ. ಟೈಗರ್ ಬಾರ್ಬ್ ರೆಕ್ಕೆ ಹರಿಯುವುದರಲ್ಲಿ ನಿಸ್ಸೀಮ. ಫೈಟರ್ ಬೇಕೇ ಬೇಕು ಅನ್ನುವವರು ಒಂದೇ ಒಂದು ಗಂಡು ತಂದು ಅದಕ್ಕೊಂದು ಬೇರೆ ಟ್ಯಾಂಕು ಮಾಡಿ. ಒಂಟಿಯಾಗಿದ್ದರೆ ಅದರಷ್ಟು ಸಾಧು ಇನ್ನೊಂದಿಲ್ಲ. ನಿಯಾನ್ ಟೆಟ್ರಾ ಚೆಂದವೋ ಚೆಂದ, ಆದರೆ ಟ್ಯಾಂಕಿಗೆ ಮೂರ್ನಾಲ್ಕು ತಿಂಗಳಾಗಲಿ.

ಮನೆಗೆ ತಂದ ಕವರನ್ನು ಬಿಚ್ಚದೆ ಟ್ಯಾಂಕಿನಲ್ಲಿ ಇಪ್ಪತ್ತು ನಿಮಿಷ ತೇಲಿಬಿಡಿ. ಆಮೇಲೆ ಬಾಯಿ ಬಿಚ್ಚಿ ಟ್ಯಾಂಕಿನ ನೀರನ್ನು ಲೋಟದಲ್ಲಿ ಸ್ವಲ್ಪ ಸ್ವಲ್ಪವೇ ಸೇರಿಸಿ. ಕೊನೆಗೆ ಮೀನನ್ನು ಮಾತ್ರ ಬಲೆಯಲ್ಲಿ ಎತ್ತಿ ಬಿಡಿ, ಅಂಗಡಿಯ ನೀರು ಬಚ್ಚಲಿಗೆ. ವಾರಕ್ಕೊಮ್ಮೆ ಕಾಲು ಭಾಗ ನೀರು ತೆಗೆದು ಹೊಸದು ತುಂಬಿ. ಸ್ಪಾಂಜನ್ನು ಆ ತೆಗೆದ ನೀರಿನಲ್ಲೇ ಹಿಂಡಿ. ನಲ್ಲಿ ಕೆಳಗೆ ಹಿಡಿದರೆ ನಿಮ್ಮ ಹೆಪ್ಪು ಹೋಯಿತು.

ಫುಡ್ಡು ದಿನಕ್ಕೆ ಒಂದು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ನಮ್ಮ ಅತ್ತೆಗೆ ಇದು ಒಪ್ಪಿಗೆಯಾಗಲೇ ಇಲ್ಲ. "ಪಾಪ, ಒಂದು ಚಿಟಿಕೆ ಯಾವ ಮೂಲೆಗೆ?" ಅಂತ ನಾನಿಲ್ಲದಾಗ ಅನ್ನದ ಅಗುಳು ಹಾಕುತ್ತಿದ್ದರು. ನೀರು ಗಂಜಿಯಾಯಿತು. ಒಂದು ದಿನ ಅರ್ಧ ನೀರು ಬದಲಿಸುತ್ತಾ ಅವರ ಕೈಗೇ ಮಗ್ಗು ಕೊಟ್ಟೆ. ಹತ್ತು ಬಕೆಟ್ ಓಡಾಡಿದ ಮೇಲೆ ಅಗುಳು ನಿಂತಿತು.

ಹಾಗಾಗಿ ಹಬ್ಬಕ್ಕೆ ಊರಿಗೆ ಹೊರಟರೆ ಚಿಂತೆ ಬೇಡ. ಬೆಳೆದ ಮೀನು ಮೂರು ನಾಲ್ಕು ದಿನ ಉಪವಾಸ ಇದ್ದರೂ ಏನೂ ಆಗುವುದಿಲ್ಲ. ಫಿಲ್ಟರ್ ಓಡುತ್ತಿರಲಿ. ಪಕ್ಕದ ಮನೆಯವರಿಗೆ ಬೇಕಾದರೆ ಕೀಲಿ ಕೊಟ್ಟು ಹೋಗಿ, ಕರೆಂಟು ಹೋದರೆ ನೋಡಿಕೊಳ್ಳಲಿ. ಫುಡ್ಡಿನ ಡಬ್ಬಿಯನ್ನು ಮಾತ್ರ ಬೀರುವಿನಲ್ಲಿಟ್ಟು ಬೀಗ ಹಾಕಿ.

ನಮಸ್ಕಾರ.