ಒತ್ತಿದ್ದು ಒಂದ್ಸಲ, ಕೇಳಿಸಿಕೊಂಡಿದ್ದು ಎರಡು ಸಲ

ಎಲ್ಲರಿಗೂ ನಮಸ್ಕಾರ.

ಹೋದ ಮಳೆಗಾಲದಲ್ಲಿ ಶಿರಾಡಿ ಘಾಟಿ ಇಳಿಯುತ್ತಿದ್ದೆ. ಮುಂದಿನ ಗಾಜಿಗೆ ಒಳಗಿನಿಂದ ಹಬೆ ಕಟ್ಟಿತು. ನನ್ನ ಹಳೇ ಕಾರಲ್ಲಾಗಿದ್ದರೆ ಎಡಗೈ ತಾನಾಗೇ ಹೋಗಿ ಗಾಜಿಗೆ ಗಾಳಿ ಬಿಡುವ ತಿರುಪು ತಿರುಗಿಸುತ್ತಿತ್ತು, ಕಣ್ಣು ರಸ್ತೆ ಬಿಡುತ್ತಿರಲಿಲ್ಲ. ಈ ಹೊಸ ಕಾರಲ್ಲಿ ಅದು ಟಚ್ ಸ್ಕ್ರೀನ್ ಒಳಗಿದೆ. ಒತ್ತಿದೆ. ಏನೂ ಆಗಲಿಲ್ಲ. ಬೆರಳು ಸರಿಯಾಗಿ ತಾಗಲಿಲ್ಲವೇನೋ ಅಂತ ಮತ್ತೆ ಒತ್ತಿದೆ. ಸ್ಕ್ರೀನ್ ಆಗ ಎಚ್ಚೆತ್ತು ಎರಡನ್ನೂ ಒಟ್ಟಿಗೆ ಕೇಳಿಸಿಕೊಂಡಿತು. ಗಾಳಿ ಬಂತು, ಬಂದ ಹಾಗೇ ನಿಂತಿತು. ಎದುರಿಗೆ ಲಾರಿ, ಮಂಜಾದ ಗಾಜು, ನಾನು ಸ್ಕ್ರೀನ್ ನೋಡುತ್ತಾ ಕೂತಿದ್ದೇನೆ.

ಇವತ್ತು ನಾನು ಹೇಳಬೇಕಾದ್ದು ಇಷ್ಟೇ ವಿಷಯ. ಸ್ಕ್ರೀನ್ ದೊಡ್ಡದೋ ಚಿಕ್ಕದೋ ಅನ್ನುವುದು ನನಗೆ ಮುಖ್ಯವಲ್ಲ. ಒತ್ತಿದ ಮೇಲೆ ಉತ್ತರ ಯಾವಾಗ ಬರುತ್ತದೆ ಅನ್ನುವುದು ಮುಖ್ಯ. 0.1 ಸೆಕೆಂಡ್ ಒಳಗೆ ಬಂದರೆ ನಮಗೆ ತಡ ಅಂತಲೇ ಅನ್ನಿಸುವುದಿಲ್ಲ. ಅರ್ಧ ಸೆಕೆಂಡ್ ಆದರೆ ಬೆರಳಿಗೆ ಅನುಮಾನ ಶುರು, ಅದನ್ನು ಪರಿಹರಿಸೋಕೆ ಕಣ್ಣು ಬರಬೇಕು. ಗಂಟೆಗೆ 40 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡ್ ಅಂದರೆ 11 ಮೀಟರ್, ಘಾಟಿಯ ತಿರುವಿನಲ್ಲಿ ಅದು ಸಣ್ಣ ದೂರ ಅಲ್ಲ.

ಸ್ವೀಡನ್ನಿನ ವಿ ಬಿಲೇಗರೆ ಪತ್ರಿಕೆಯವರು 2022ರಲ್ಲಿ ಒಂದು ಪರೀಕ್ಷೆ ಮಾಡಿದರು. ಗಂಟೆಗೆ 110 ಕಿ.ಮೀ. ವೇಗದಲ್ಲಿ ಹೋಗುತ್ತಾ ಸೀಟು ಬಿಸಿ ಮಾಡು, ರೇಡಿಯೋ ಬದಲಿಸು, ಇಂಥ ನಾಲ್ಕು ಕೆಲಸ. 2005ರ ವೋಲ್ವೋ ವಿ70, ಬರೀ ಬಟನ್‌ಗಳ ಕಾರು, 306 ಮೀಟರ್ ಹೋಗುವಷ್ಟರಲ್ಲಿ ಎಲ್ಲ ಮುಗಿಯಿತು. ಕೊನೆಯಲ್ಲಿ ನಿಂತ ಎಂಜಿ ಮಾರ್ವೆಲ್ ಆರ್‌ಗೆ 1,372 ಮೀಟರ್ ಬೇಕಾಯಿತು. ಇದರಲ್ಲಿ ಎಲ್ಲವೂ ಲ್ಯಾಗ್, ಅಂದರೆ ಒತ್ತಿದ ಮೇಲಿನ ತಡ, ಅಲ್ಲ, ಮೆನು ಒಳಗೆ ಮೆನು ಹುಡುಕುವ ಹೊತ್ತೂ ಸೇರಿದೆ. ಆದರೆ ಪ್ರತಿ ಮೆನುವಿಗೂ ಒಂದೊಂದು ಸಲ ಕಾಯಬೇಕಲ್ವಾ?

ಕೆಲವೇ ಸಾವಿರ ಕೊಟ್ಟ ಫೋನ್ ಚುರುಕಾಗಿರುತ್ತೆ, ಲಕ್ಷಗಟ್ಟಲೆ ಸುರಿದ ಕಾರು ಯಾಕೆ ಹೀಗೆ ಅಂತ ಎಲ್ಲರೂ ಕೇಳುತ್ತಾರೆ. ಸ್ಕ್ರೀನ್ ಓಡಿಸುವ ಚಿಪ್ ಯಾವುದು ಅಂತ ಕಾರು ಮಾರುಕಟ್ಟೆಗೆ ಬರುವ ಹಲವು ವರ್ಷ ಮೊದಲೇ ಗೊತ್ತು ಮಾಡಿರುತ್ತಾರೆ. ಅದು ಕೊರೆಯುವ ಚಳಿಯನ್ನೂ, ಬಿಸಿಲಲ್ಲಿ ನಿಂತ ಕಾರಿನ ಒಳಗಿನ ಕಾವನ್ನೂ ತಡೆಯಬೇಕು. ಹೀಗಾಗಿ ಶೋರೂಮಿಗೆ ಬರುವಾಗಲೇ ಅದಕ್ಕೆ ಸ್ವಲ್ಪ ವಯಸ್ಸಾಗಿರುತ್ತದೆ. ಅದರ ಮೇಲೆ ಮ್ಯಾಪು, ಹಾಡು, ವಾಯ್ಸು, ಅನಿಮೇಷನ್ನು ಎಲ್ಲ ಹೇರುತ್ತಾರೆ. ತುಂಬಾ ಬಿಸಿಯಾದರೆ ಚಿಪ್ ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸಿಕೊಳ್ಳುತ್ತದೆ. ಇನ್ನು ಫೋನಿನ ಮ್ಯಾಪು, ಹಾಡನ್ನು ಕಾರಿನ ಸ್ಕ್ರೀನಲ್ಲಿ ತೋರಿಸುವ ಆಂಡ್ರಾಯ್ಡ್ ಆಟೋವನ್ನು ವೈರ್‌ಲೆಸ್ ಆಗಿ ಹಾಕಿದರೆ ನೀವು ನೋಡುವುದು ಫೋನ್ ವೈಫೈನಲ್ಲಿ ಕಳಿಸುವ ವಿಡಿಯೋ. ಬೆರಳಿನ ಸುದ್ದಿ ಫೋನಿಗೆ ಹೋಗಿ, ಚಿತ್ರವಾಗಿ ವಾಪಸ್ ಬರಬೇಕು. ಕೇಬಲ್ ಹಾಕಿ ನೋಡಿ, ಎಷ್ಟೋ ಸಲ ವ್ಯತ್ಯಾಸ ಗೊತ್ತಾಗುತ್ತದೆ.

ಮೆಮರಿಯೂ ಸವೆಯುತ್ತದೆ. 2021ರಲ್ಲಿ ಅಮೆರಿಕದಲ್ಲಿ ಟೆಸ್ಲಾ ಸುಮಾರು 1,35,000 ಮಾಡೆಲ್ ಎಸ್ ಮತ್ತು ಎಕ್ಸ್ ಕಾರುಗಳನ್ನು ರೀಕಾಲ್ ಮಾಡಿತು, ಅಂದರೆ ದೋಷ ಸರಿಪಡಿಸಲು ವಾಪಸ್ ಕರೆಸಿತು. ಅವುಗಳ 8 ಜಿಬಿ ಫ್ಲ್ಯಾಶ್ ಮೆಮರಿಗೆ ಇಂತಿಷ್ಟು ಸಲ ಮಾತ್ರ ಬರೆಯಬಹುದು. ಕಾರು ಓಡಿದಷ್ಟೂ ಬರೆಯುತ್ತಾ ಬರೆಯುತ್ತಾ ಅದು ಸವೆದು, ಸ್ಕ್ರೀನ್ ಕಪ್ಪಾಗಿ, ಹಿಂಬದಿ ಕ್ಯಾಮೆರಾ ಚಿತ್ರವೂ ಹೋಗುತ್ತಿತ್ತು.

ಕ್ಯಾಮೆರಾ ವಿಷಯ ಬಂತಲ್ಲ, ಇದು ನನಗೆ ಇಷ್ಟ. ಅಮೆರಿಕದಲ್ಲಿ 2018ರ ಮೇನಿಂದ ಹೊಸ ಕಾರುಗಳಿಗೆಲ್ಲ ಹಿಂಬದಿ ಕ್ಯಾಮೆರಾ ಕಡ್ಡಾಯ. ರಿವರ್ಸ್ ಗೇರ್ ಹಾಕಿದ 2 ಸೆಕೆಂಡ್ ಒಳಗೆ ಚಿತ್ರ ಬರಬೇಕು. ಸ್ಕ್ರೀನಿನ ಸಾಫ್ಟ್‌ವೇರ್ ಪೂರ್ತಿ ಏಳುವ ತನಕ ಕಾದರೆ ಇದು ಆಗುವ ಮಾತಲ್ಲ. ಅದಕ್ಕೇ ಕ್ಯಾಮೆರಾ ಚಿತ್ರಕ್ಕೆ ಪ್ರತ್ಯೇಕ ಒಳದಾರಿ ಮಾಡುತ್ತಾರೆ, ಉಳಿದದ್ದೆಲ್ಲ ಇನ್ನೂ ಆಕಳಿಸುತ್ತಿರುವಾಗಲೇ ಅದು ಬಂದುಬಿಡುತ್ತದೆ. ಸ್ಪೀಡೋಮೀಟರ್ ಕಡೆಗೂ ಹೀಗೇ. ಈಗ ಎಷ್ಟೋ ಕಾರುಗಳಲ್ಲಿ ಸ್ಪೀಡೋಮೀಟರಿನದು, ನಡುವಿನದು, ಎರಡೂ ಸ್ಕ್ರೀನ್ ಒಂದೇ ಚಿಪ್ ಮೇಲೆ ಓಡಿದರೂ ನಡುವೆ ಗೋಡೆ ಹಾಕಿರುತ್ತಾರೆ, ಹಾಡು ಹ್ಯಾಂಗ್ ಆದರೆ ಸ್ಪೀಡ್ ಮುಳ್ಳು ನಿಲ್ಲಬಾರದು. ಅಂದರೆ ಬೇಕು ಅಂತ ಕೂತರೆ ಮಾಡೋಕೆ ಬರುತ್ತದೆ! ಗಾಜಿನ ಹಬೆ ಬಟನ್ನಿಗೆ ಯಾರೂ ಗಡುವು ಹಾಕಿಲ್ಲ, ಅಷ್ಟೇ.

ಯೂರೋಪಿನಲ್ಲಿ ಕಾರುಗಳ ಸುರಕ್ಷತೆಗೆ ಅಂಕ ಕೊಡುವ ಯೂರೋ ಎನ್‌ಕ್ಯಾಪ್‌ನ 2026ರ ನಿಯಮದಲ್ಲಿ ಇಂಡಿಕೇಟರ್, ಹಜಾರ್ಡ್ ಲೈಟ್, ಹಾರನ್, ವೈಪರ್, ತುರ್ತು ಸಹಾಯದ ಎಸ್‌ಒಎಸ್‌ಗೆ ಕೈಗೆ ಸಿಗುವ ಬಟನ್ ಇದ್ದರೇ ಪೂರ್ತಿ ಅಂಕ. ಈ ಐದರಲ್ಲಿ ಹಬೆ ಇಲ್ಲ, ನೋಡಿ.

ಕಾರು ಕೊಳ್ಳುವವರಿಗೆ ಒಂದು ಮಾತು. ಟೆಸ್ಟ್ ಡ್ರೈವ್‌ಗೆ ಹೋದಾಗ ಸೇಲ್ಸ್ ಹುಡುಗ ಮೊದಲೇ ಸ್ಟಾರ್ಟ್ ಮಾಡಿ, ಎಸಿ ಹಾಕಿ ಇಟ್ಟಿರುತ್ತಾನೆ. ಎಷ್ಟೋ ಕಾರುಗಳಲ್ಲಿ ಬಾಗಿಲು ತೆಗೆದಾಗಲೇ ಸ್ಕ್ರೀನ್ ಏಳೋಕೆ ಶುರು ಮಾಡಿರುತ್ತದೆ, ನಿಮಗೆ ತಡ ಗೊತ್ತೇ ಆಗುವುದಿಲ್ಲ. ಆಫ್ ಮಾಡಿಸಿ, ಲಾಕ್ ಹಾಕಿಸಿ, ಹೋಗಿ ಒಂದು ಕಾಫಿ ಕುಡಿದು ಬನ್ನಿ. ಆಮೇಲೆ ಕೂತು ಸ್ಟಾರ್ಟ್ ಮಾಡಿದ ತಕ್ಷಣ ರಿವರ್ಸ್ ಹಾಕಿ, ಮನಸ್ಸಲ್ಲೇ ಎಣಿಸಿ. ಮ್ಯಾಪ್ ಹಾಕಿ, ಹಾಡು ಹಾಕಿ, ಅದೆಲ್ಲ ಓಡುತ್ತಿರುವಾಗಲೇ ಹಬೆ ಬಟನ್ ಒಂದೇ ಸಲ ಒತ್ತಿ, ಕೈ ತೆಗೆದುಬಿಡಿ.